ಹಿಂದಿನ ಸೀಟು ತುಂಬಿದರೆ ಟೈರ್ ಉಜ್ಜುತ್ತದೆ: ತಪ್ಪು ಅಗಲದ್ದೋ, ಆಫ್‌ಸೆಟ್‌ನದ್ದೋ?

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್ ಕಾರಿಗೆ ಕಂಪನಿ ಕೊಟ್ಟಿದ್ದು 15 ಇಂಚಿನ ಚಕ್ರ. ರಿಮ್ 6ಜೆ (ಅಂದರೆ 6 ಇಂಚು ಅಗಲ), ಇಟಿ (ಅಂದರೆ ಆಫ್‌ಸೆಟ್) 45, ಟೈರ್ 195/65 ಆರ್15. ಕೆಲವು ತಿಂಗಳ ಹಿಂದೆ 17 ಇಂಚಿನ ಅಲಾಯ್ ಚಕ್ರ ಹಾಕಿಸಿದೆ. ಅದು 7.5ಜೆ, ಇಟಿ 35, ಟೈರ್ 225/45 ಆರ್17. ಒಬ್ಬನೇ ಓಡಿಸುವಾಗ ಯಾವ ಸದ್ದೂ ಇಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಡಿಕ್ಕಿಯಲ್ಲಿ ಸಾಮಾನೂ ಇದ್ದರೆ, ರಸ್ತೆಯುಬ್ಬು ದಾಟುವಾಗ ಬಲ ಹಿಂಬದಿಯಿಂದ ಸರ್ರನೆ ಉಜ್ಜುವ ಸದ್ದು ಬರುತ್ತದೆ. ಎಡ ಹಿಂಬದಿಯಲ್ಲಿ ಇಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ಬರುವಾಗ ಮುಂದಿನ ಚಕ್ರವೂ ಎಲ್ಲೋ ತಗಲುತ್ತದೆ. ಟೈರ್ ಅಂಗಡಿಯವರು ಸ್ಪೇಸರ್ ಹಾಕಿಸಿ ಎನ್ನುತ್ತಾರೆ. ಬಾಡಿ ಕೆಲಸದವರು ಮಡ್‌ಗಾರ್ಡ್ ಅಂಚು ಮಡಚೋಣ ಎನ್ನುತ್ತಾರೆ. ಗೆಳೆಯನೊಬ್ಬ 205ರ ಟೈರ್ ಹಾಕಿದರೆ ಸಾಕು ಎನ್ನುತ್ತಾನೆ, ಇನ್ನೊಬ್ಬ 17 ಇಂಚೇ ದೊಡ್ಡದಾಯಿತು ಎನ್ನುತ್ತಾನೆ. ಯಾರ ಮಾತು ಕೇಳಲಿ? ಚಕ್ರವನ್ನೇ ಬದಲಿಸಬೇಕಾದರೆ ಎಷ್ಟು ಅಗಲ, ಎಷ್ಟು ಆಫ್‌ಸೆಟ್ ನೋಡಬೇಕು? ಅಲ್ಲಿಯವರೆಗೆ ಕಾರು ಓಡಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಯಾವ ಚಕ್ರ ಕೊಳ್ಳಬೇಕೆಂದು ಮುಂದಿನ ವಾರ ಯೋಚಿಸಿದರೂ ನಡೆಯುತ್ತದೆ. ಈಗಿನ ಟೈರ್ ಯಾವುದಕ್ಕೆ ತಗಲುತ್ತಿದೆ ಎಂಬುದನ್ನು ಮಾತ್ರ ಇವತ್ತೇ ನೋಡಬೇಕು.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಬಲ ಹಿಂಬದಿಯ ಟೈರನ್ನು ನೋಡಿ. ನೆಲ ಮುಟ್ಟುವ ಭಾಗ ಮುಗಿದು ಪಕ್ಕೆ ಶುರುವಾಗುವ ತಿರುವನ್ನು ನಾವು ಟೈರಿನ ಭುಜ ಎನ್ನುತ್ತೇವೆ. ಹೊರಭುಜದ ಸುತ್ತ ಉಂಗುರದಂತೆ ರಬ್ಬರ್ ಒರಟಾಗಿದೆಯೇ, ಗೀರು ಬಿದ್ದಿದೆಯೇ ಗಮನಿಸಿ. ಆಮೇಲೆ ಚಕ್ರದ ಮೇಲಿನ ಕಮಾನಿನ ಒಳಮಡಿಕೆಯನ್ನು ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಪ್ಪು ರಬ್ಬರ್ ಪುಡಿ ಹತ್ತಿದರೆ, ಒಂದು ಗೇಣಿನಷ್ಟು ಉದ್ದಕ್ಕೆ ಬಣ್ಣ ಹೋಗಿ ತಗಡು ಹೊಳೆಯುತ್ತಿದ್ದರೆ, ತಗಲುವ ಜಾಗ ಅದೇ.

ಉಜ್ಜುವಿಕೆಯಲ್ಲಿ ಎಲ್ಲವೂ ಒಂದೇ ಬಗೆಯ ಅಪಾಯವಲ್ಲ. ಟೈರಿನ ನೆಲ ಮುಟ್ಟುವ ಭಾಗ ಕಮಾನಿನೊಳಗಿನ ಪ್ಲಾಸ್ಟಿಕ್ ಹೊದಿಕೆಗೆ ಯಾವಾಗಲೋ ಒಮ್ಮೆ ಸವರಿದರೆ ಹೊದಿಕೆ ಸವೆಯುತ್ತದೆ, ಅಷ್ಟೆ; ಅದನ್ನು ಸರಿಪಡಿಸಬೇಕು, ಆದರೆ ಗಾಬರಿ ಬೇಡ. ಹೊರಪಕ್ಕೆ ತಗಡಿನ ಅಂಚಿಗೆ ತಗಲುತ್ತಿದ್ದರೆ ಮಾತು ಬೇರೆ. ಪಕ್ಕೆ ಟೈರಿನ ಅತ್ಯಂತ ತೆಳುವಾದ ಭಾಗ. ಅಲ್ಲಿನ ರಬ್ಬರ್ ಕೊಯ್ದು ಒಳಗಿನ ನೂಲು ಕಾಣಿಸಿಕೊಂಡರೆ ಟೈರ್ ಮುಗಿದಂತೆ. ಅದಕ್ಕೆ ಪಂಕ್ಚರ್ ಪಟ್ಟಿ ಇಲ್ಲ, ರಿಪೇರಿ ಇಲ್ಲ. ಮೂರನೆಯದು ಒಳಬದಿಯದು. ಮುಂದಿನ ಚಕ್ರವನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಬ್ರೇಕ್ ದ್ರವದ ರಬ್ಬರ್ ಕೊಳವೆ ಮತ್ತು ಎಬಿಎಸ್ ತಂತಿಗಳಿಗೆ ಟೈರ್ ಎಷ್ಟು ಹತ್ತಿರ ಬರುತ್ತದೆ ನೋಡಿ. ಅವುಗಳ ಮೇಲೆ ಉಜ್ಜಿದ ಗುರುತು ಇದ್ದರೆ ಕಾರನ್ನು ಅಲ್ಲಿಂದ ಕದಲಿಸಬೇಡಿ. ಹಳೆಯ ಚಕ್ರ ಹಾಕಿ, ಕೊಳವೆಯನ್ನು ಬದಲಿಸಿದ ಮೇಲೆಯೇ ಓಡಿಸಿ.

ನಿಮ್ಮ ವಿವರಣೆ ನೋಡಿದರೆ ಹಿಂದೆ ಆಗುತ್ತಿರುವುದು ಎರಡನೆಯ ಬಗೆ. ಕಂಪನಿಯ ಚಕ್ರಗಳು ಮನೆಯಲ್ಲಿದ್ದರೆ ಸದ್ಯಕ್ಕೆ ಅವನ್ನೇ ಹಾಕಿಕೊಳ್ಳಿ. ಇಲ್ಲದಿದ್ದರೆ ಹಿಂದಿನ ಸೀಟು ತುಂಬಿಸಬೇಡಿ, ಭಾರ ಹೇರಬೇಡಿ, ಪ್ರತಿ ಬಾರಿ ಹೊರಡುವ ಮುನ್ನ ಆ ಭುಜವನ್ನೊಮ್ಮೆ ನೋಡಿ.

17 ಇಂಚು ತಪ್ಪಿತಸ್ಥನಲ್ಲ

ಈಗ ಕಾರಣ. 17 ಇಂಚು ದೊಡ್ಡದಾಯಿತು ಎಂಬ ಮಾತನ್ನು ಲೆಕ್ಕ ಹಾಕಿಯೇ ಬದಿಗಿಡೋಣ. 195/65 ಆರ್15 ಎಂದರೆ ಟೈರಿನ ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ 65, ಅಂದರೆ 126.75 ಮಿ.ಮೀ. ಮೇಲೊಂದು ಕೆಳಗೊಂದು ಪಕ್ಕೆ, ನಡುವೆ 15 ಇಂಚಿನ ರಿಮ್. ಒಟ್ಟು ಎತ್ತರ 634.5 ಮಿ.ಮೀ. ನಿಮ್ಮ ಹೊಸ 225/45 ಆರ್17 ಇದೇ ಲೆಕ್ಕದಲ್ಲಿ 634.3 ಮಿ.ಮೀ. ರಿಮ್ ಬೆಳೆದಷ್ಟು ಪಕ್ಕೆ ಕುಗ್ಗಿದೆ. ಟೈರಿನ ಅಳತೆ ಆರಿಸಿದವರು ಎತ್ತರದ ವಿಷಯದಲ್ಲಿ ಸರಿಯಾಗಿಯೇ ಆರಿಸಿದ್ದಾರೆ.

ಟೈರ್ ಮೇಲಕ್ಕೆ ಬೆಳೆದಿಲ್ಲ, ಪಕ್ಕಕ್ಕೆ ಸರಿದಿದೆ. ಎಷ್ಟು ಸರಿದಿದೆ ಎಂದು ತಿಳಿಯಲು ಆಫ್‌ಸೆಟ್ ಅರ್ಥವಾಗಬೇಕು. ಅದು ನಿಜಕ್ಕೂ ಕಷ್ಟದ ವಿಷಯವಲ್ಲ. ಅಗಲವನ್ನು ಇಂಚಿನಲ್ಲೂ ಆಫ್‌ಸೆಟ್ ಅನ್ನು ಮಿಲಿಮೀಟರಿನಲ್ಲೂ ಬರೆಯುವ ರೂಢಿಯಿಂದಾಗಿ ಗೋಜಲಾಗಿ ಕಾಣುತ್ತದೆ. ಚಕ್ರದ ಅಗಲವನ್ನು ಸರಿಯಾಗಿ ಎರಡು ಭಾಗ ಮಾಡುವ ಒಂದು ನಡುಗೆರೆಯನ್ನು ಊಹಿಸಿಕೊಳ್ಳಿ. ಚಕ್ರವನ್ನು ಬೋಲ್ಟ್ ಮಾಡುವ ಕಾರಿನ ಭಾಗವೇ ಹಬ್; ಚಕ್ರ ಹಬ್ ಮೇಲೆ ಕೂರುವ ಮುಖ ಆ ನಡುಗೆರೆಗಿಂತ ಎಷ್ಟು ಮಿ.ಮೀ. ಹೊರಬದಿಗಿದೆಯೋ ಅದೇ ಇಟಿ. ಹಬ್ ಎಲ್ಲಿಗೂ ಹೋಗುವುದಿಲ್ಲ, ಅದು ಕಾರಿನ ಜಾಗ. ಆದ್ದರಿಂದ ಇಟಿ ಹೆಚ್ಚಾದರೆ ಚಕ್ರವೇ ಒಳಕ್ಕೆ ಹೋಗುತ್ತದೆ, ಕಡಿಮೆಯಾದರೆ ಹೊರಕ್ಕೆ ಬರುತ್ತದೆ. ಅಂಕಿ ದೊಡ್ಡದಾದರೆ ಚಕ್ರ ಹೊರಗೆ ಚಾಚುತ್ತದೆ ಎಂದು ತಿಳಿದು ತಪ್ಪು ಚಕ್ರ ತಂದವರನ್ನು ನಾನು ಬಹಳ ನೋಡಿದ್ದೇನೆ.

ಲೆಕ್ಕ ಇಷ್ಟೇ: ಟೈರಿನ ಅಗಲದ ಅರ್ಧಕ್ಕೆ ಇಟಿ ಕೂಡಿಸಿದರೆ ಹಬ್ಬಿನ ಮುಖದಿಂದ ಟೈರಿನ ಒಳಪಕ್ಕೆ ಎಷ್ಟು ದೂರ ಎಂದು ಸಿಗುತ್ತದೆ. ಅದೇ ಅರ್ಧದಿಂದ ಇಟಿ ಕಳೆದರೆ ಹೊರಪಕ್ಕೆ ಎಷ್ಟು ದೂರ ಎಂದು ಸಿಗುತ್ತದೆ. ನಿಮ್ಮ ಹಳೆಯ ಚಕ್ರದಲ್ಲಿ ಒಳಕ್ಕೆ 97.5 ಮತ್ತು 45 ಸೇರಿ 142.5, ಹೊರಕ್ಕೆ 97.5ರಲ್ಲಿ 45 ಕಳೆದು 52.5. ಹೊಸದರಲ್ಲಿ ಒಳಕ್ಕೆ 112.5 ಮತ್ತು 35 ಸೇರಿ 147.5, ಹೊರಕ್ಕೆ 112.5ರಲ್ಲಿ 35 ಕಳೆದು 77.5.

ಈ ಎರಡು ಸಾಲುಗಳಲ್ಲೇ ನಿಮ್ಮ ಸಮಸ್ಯೆ ಪೂರ್ತಿ ಇದೆ. ಟೈರ್ 30 ಮಿ.ಮೀ. ಅಗಲವಾಯಿತು. ಅದರಲ್ಲಿ ಒಳಕ್ಕೆ ಹೋಗಿದ್ದು 5 ಮಾತ್ರ, ಉಳಿದ 25 ಪೂರ್ತಿ ಹೊರಕ್ಕೆ ಬಂದಿತು. ಇದೇ ಟೈರ್, ಇದೇ ಅಗಲದ ರಿಮ್, ಇಟಿ ಮಾತ್ರ 45 ಆಗಿದ್ದಿದ್ದರೆ 15 ಒಳಕ್ಕೆ, 15 ಹೊರಕ್ಕೆ ಹಂಚಿಕೆಯಾಗುತ್ತಿತ್ತು. ಹಾಗಾಗಿ ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ಉತ್ತರ: ಎರಡರ ಪಾಲೂ ಇದೆ, ಹೊರಬಂದ 25ರಲ್ಲಿ 15 ಅಗಲದ್ದು, 10 ಆಫ್‌ಸೆಟ್‌ನದ್ದು.

ಅಂತರ್ಜಾಲದ ಲೆಕ್ಕ ಹಾಕುವ ಪುಟಗಳಲ್ಲಿ ಇದೇ ಅಂಕಿ ಹಾಕಿದರೆ 9 ಒಳಕ್ಕೆ, 29 ಹೊರಕ್ಕೆ ಎಂಬ ಉತ್ತರ ಬರಬಹುದು. ಅವು ಅಳೆಯುವುದು ರಿಮ್ಮಿನ ಅಂಚನ್ನು. ಹಳೆಯ 195ರ ಟೈರ್ ತನ್ನ 6 ಇಂಚಿನ ರಿಮ್ಮಿನಿಂದ ಎರಡೂ ಕಡೆ ಹೆಚ್ಚು ಉಬ್ಬಿತ್ತು, ಹೊಸದು ಅಷ್ಟು ಉಬ್ಬಿಲ್ಲ. ಮಡ್‌ಗಾರ್ಡಿಗೆ ತಗಲುವುದು ಟೈರ್ ಆದ್ದರಿಂದ ಟೈರಿನ ಲೆಕ್ಕವನ್ನೇ ಹಿಡಿಯಿರಿ.

ಒಳಗಿನ ಸಂದಿಯೇ ಬೇರೆ, ಹೊರಗಿನ ಸಂದಿಯೇ ಬೇರೆ

ಚಕ್ರ ಆರಿಸುವವರಿಗೆ ನಾನು ಒತ್ತಿ ಹೇಳುವ ವಿಷಯ ಇದು. ಒಳಗೆ ಐದು ಮಿಲಿಮೀಟರ್ ಸಂದಿ ಇದೆ ಎಂದರೆ ಜನ ಹೆದರುತ್ತಾರೆ. ಹೊರಗೆ ಹತ್ತು ಇದೆ ಎಂದರೆ ನಿಶ್ಚಿಂತರಾಗುತ್ತಾರೆ. ಎಷ್ಟೋ ಬಾರಿ ನಿಜ ಇದರ ತಿರುಗುಮುರುಗು.

ನಿಮ್ಮ ಕಾರಿನಂಥ ಬಹುಪಾಲು ಹ್ಯಾಚ್‌ಬ್ಯಾಕ್‌ಗಳಲ್ಲಿ ಮುಂದಿನ ಚಕ್ರ ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆಯದು. ಶಾಕ್ ಅಬ್ಸಾರ್ಬರಿನ ಕೆಳಗಿನ ಕೊಳವೆಯನ್ನು ಹಬ್ ಹಿಡಿದಿರುವ ಗಟ್ಟಿ ಎರಕದ ಭಾಗಕ್ಕೆ ಬೋಲ್ಟ್ ಮಾಡಿರುತ್ತಾರೆ. ಚಕ್ರ ಮೇಲೆ ಹೋದರೆ ಆ ಕೊಳವೆಯೂ ಜೊತೆಗೆ ಮೇಲೆ ಹೋಗುತ್ತದೆ, ಸ್ಟಿಯರಿಂಗ್ ತಿರುಗಿಸಿದರೆ ಅದೂ ತಿರುಗುತ್ತದೆ. ಎಂದರೆ ಟೈರಿಗೂ ಸ್ಟ್ರಟ್ ಕೊಳವೆಗೂ ನಡುವಿನ ಸಂದಿ ನಿಂತಾಗ ಎಷ್ಟಿದೆಯೋ ಗುಂಡಿಗೆ ಇಳಿದಾಗಲೂ ಹೆಚ್ಚುಕಡಿಮೆ ಅಷ್ಟೇ. ತಿರುವಿನಲ್ಲಿ ಟೈರ್ ಸ್ವಲ್ಪ ಬಾಗುತ್ತದೆ, ಅದಕ್ಕೆ 5 ಮಿ.ಮೀ. ಬಿಟ್ಟರೆ ಸಾಕು. ಹೊರಗಿನ ಕಥೆ ಹಾಗಲ್ಲ. ಮಡ್‌ಗಾರ್ಡ್ ಕಾರಿನ ಮೈಗೆ ಸೇರಿದ್ದು, ಚಕ್ರ ಅದರೊಳಗೆ ಮೇಲೆ ಕೆಳಗೆ ಓಡಾಡುತ್ತದೆ. ಕಾರು ಖಾಲಿ ನಿಂತಾಗ ಟೈರಿನ ಭುಜ ಮಡ್‌ಗಾರ್ಡ್ ಅಂಚಿಗಿಂತ ಕೆಳಗಿರುತ್ತದೆ. ಆಗ ಎರಡಕ್ಕೂ ಮುಖಾಮುಖಿಯೇ ಇಲ್ಲ. ಮೂವರು ಹಿಂದೆ ಕುಳಿತಾಗ ಸ್ಪ್ರಿಂಗ್ ಕುಗ್ಗಿ, ಉಬ್ಬು ದಾಟುವ ಆ ಕ್ಷಣದಲ್ಲಿ ಭುಜ ಅಂಚಿನ ಮಟ್ಟಕ್ಕೆ ಏರುತ್ತದೆ. ಅಂಚಿಗಿಂತ ಒಳಗಿದ್ದರೆ ಸದ್ದಿಲ್ಲದೆ ಕಮಾನಿನೊಳಕ್ಕೆ ಹೋಗುತ್ತದೆ, ಎರಡು ಮಿಲಿಮೀಟರ್ ಹೊರಗಿದ್ದರೆ ತಗಡು ಅದನ್ನು ಕೆರೆಯುತ್ತದೆ. ಒಬ್ಬರೇ ಓಡಿಸುವಾಗ ಸದ್ದಿಲ್ಲದಿರುವುದಕ್ಕೆ ಕಾರಣ ಇದು.

ಹಿಂದಿನ ಎರಡು ಚಕ್ರಗಳನ್ನು ಒಂದೇ ಅಡ್ಡತೊಲೆಗೆ ಜೋಡಿಸಿದ ಕಾರುಗಳಲ್ಲಿ ಇದು ಇನ್ನಷ್ಟು ಕಟ್ಟುನಿಟ್ಟು. ಎರಡೂ ಚಕ್ರ ಒಟ್ಟಿಗೆ ಕುಗ್ಗಿದಾಗ ಅವು ಬಹುತೇಕ ನೇರವಾಗಿಯೇ ಮೇಲೇರುತ್ತವೆ. ಹಲವು ತೋಳುಗಳಿರುವ ಸ್ವತಂತ್ರ ಸಸ್ಪೆನ್ಶನ್‌ನಲ್ಲಾದರೆ ಚಕ್ರ ಮೇಲೆ ಹೋಗುತ್ತ ಅದರ ತಲೆ ಒಳಕ್ಕೆ ವಾಲಿ ಅಂಚಿನಿಂದ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಬೇರೊಂದು ಕಾರಿನಲ್ಲಿ ಇದೇ ಚಕ್ರ ಉಜ್ಜುತ್ತಿಲ್ಲ ಎಂಬ ಮಾತಿಗೆ ಬೆಲೆ ಕೊಡಬೇಡಿ.

ಇದರಿಂದ ಬರುವ ಸೂತ್ರ ಸರಳ. ಅಗಲ ಹೆಚ್ಚಿಸುವಾಗ ಒಳಗೆ ಸಿಗುವ ಜಾಗವನ್ನು ಮೊದಲು ಬಳಸಿ, ಹೊರಗಿನದನ್ನು ಜಿಪುಣತನದಿಂದ ಖರ್ಚು ಮಾಡಿ. ನಿಮಗೆ ಚಕ್ರ ಮಾರಿದವರು ಇದನ್ನೇ ತಲೆಕೆಳಗು ಮಾಡಿದ್ದಾರೆ.

ಮುಂದಿನ ಚಕ್ರ ಪೂರ್ತಿ ತಿರುಗಿದಾಗ ತಗಲುವುದಕ್ಕೂ ಬೇರು ಇಲ್ಲೇ ಇದೆ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತನ್ನ ನಡುವಿನ ಮೇಲೆ ತಿರುಗುವುದಿಲ್ಲ. ಸ್ಟ್ರಟ್ಟಿನ ಮೇಲ್ತುದಿಯಿಂದ ಕೆಳಗಿನ ಬಾಲ್ ಜಾಯಿಂಟಿಗೆ ಎಳೆದ ಓರೆಗೆರೆಯೊಂದರ ಸುತ್ತ ತಿರುಗುತ್ತದೆ. ಇಟಿ 45ರಿಂದ 35ಕ್ಕೆ ಇಳಿದಾಗ ಚಕ್ರದ ನಡು ಆ ಗೆರೆಯಿಂದ 10 ಮಿ.ಮೀ. ಹೊರಕ್ಕೆ ಸರಿಯಿತು. ಆಗ ತಿರುಗುವಾಗ ಚಕ್ರ ಕಮಾನಿನೊಳಗೆ ಹಿಂದೆ ಮುಂದೆ ಹೆಚ್ಚು ತೂಗಾಡುತ್ತದೆ. ಬಂಪರ್ ಮೂಲೆಯ ಹೊದಿಕೆಯನ್ನೋ ಹಿಂಬದಿಯ ಹೊದಿಕೆಯನ್ನೋ ಮುಟ್ಟುತ್ತದೆ. ಕೆಲವು ಕಾರುಗಳಲ್ಲಿ ಅಗಲ ಚಕ್ರದ ಮಾದರಿಗೆ ಸ್ಟಿಯರಿಂಗ್ ಅಷ್ಟು ದೂರ ತಿರುಗದಂತೆ ಕಂಪನಿಯವರೇ ತಡೆ ಹಾಕಿರುತ್ತಾರೆ. ನಿಮ್ಮದರಲ್ಲಿ ಅದು ಇರಲಾರದು, ಏಕೆಂದರೆ ಬಂದದ್ದು ಕಿರಿದಾದ ಚಕ್ರದೊಂದಿಗೆ.

ಉಜ್ಜುವ ಸದ್ದು ಇಲ್ಲದಿದ್ದರೂ ಈ 10 ಮಿ.ಮೀ. ನನಗೆ ಇಷ್ಟವಾಗುತ್ತಿರಲಿಲ್ಲ. ಓರೆಗೆರೆ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರವನ್ನು ಕಾರು ವಿನ್ಯಾಸ ಮಾಡಿದವರು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಅದು ಬದಲಾದರೆ ಒಂದು ಚಕ್ರ ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆ, ಒಂದು ಬದಿ ಒದ್ದೆಯಿರುವ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಜಗ್ಗುತ್ತದೆ. ಚಕ್ರದ ಬೇರಿಂಗ್ ಮೇಲೆ ಬೀಳುವ ಒತ್ತಡವೂ ಹೆಚ್ಚುತ್ತದೆ. ಕಂಪನಿಯ ಇಟಿಗೆ ಹತ್ತಿರವಿರಿ ಎಂದು ಹೇಳುವುದು ಇದಕ್ಕಾಗಿ.

ಬಲಕ್ಕೆ ಮಾತ್ರ ಏಕೆ?

ಇದು ಒಳ್ಳೆಯ ಪ್ರಶ್ನೆ, ಉತ್ತರ ಕಾರಿನ ಮೈಯಲ್ಲಿದೆ. ಕಾರಿನ ಎರಡು ಬದಿಗಳು ಕಾಗದದ ಮೇಲೆ ಮಾತ್ರ ಒಂದೇ ಅಳತೆಯವು. ಹಿಂದಿನ ಅಡ್ಡತೊಲೆಯನ್ನು ಬೋಲ್ಟ್ ಮಾಡುವಾಗ ಅದು ಒಂದೆರಡು ಮಿ.ಮೀ. ಒಂದು ಬದಿಗೆ ಸರಿದು ಕುಳಿತಿರಬಹುದು. ಮಡ್‌ಗಾರ್ಡ್ ತಗಡಿನಲ್ಲೂ ಅಷ್ಟೇ ವ್ಯತ್ಯಾಸವಿರಬಹುದು. ಕಿರಿದಾದ ಟೈರಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಹೊರಗಿನ ಸಂದಿಯನ್ನು ಪೂರ್ತಿ ತಿಂದುಹಾಕಿದ ಮೇಲೆ ಮಾತ್ರ ಕಾಣಿಸಿಕೊಳ್ಳುತ್ತದೆ.

ಅಳೆಯುವುದು ಸುಲಭ. ದಾರದ ತುದಿಗೆ ಒಂದು ಭಾರದ ನಟ್ ಕಟ್ಟಿ, ಚಕ್ರದ ನೆತ್ತಿಯ ಮೇಲೆ ಮಡ್‌ಗಾರ್ಡ್ ಅಂಚಿಗೆ ದಾರವನ್ನು ಅಂಟಿಸಿ ಕೆಳಕ್ಕೆ ಇಳಿಬಿಡಿ. ತೂಗಾಟ ನಿಂತ ಮೇಲೆ ದಾರದಿಂದ ರಿಮ್ಮಿನ ಅಂಚಿಗೆ, ಮೇಲೊಮ್ಮೆ ಕೆಳಗೊಮ್ಮೆ, ಅಳೆದುಕೊಳ್ಳಿ. ಇನ್ನೊಂದು ಬದಿಯಲ್ಲೂ ಹಾಗೆಯೇ ಮಾಡಿ. ನಾಲ್ಕೈದು ಮಿ.ಮೀ. ವ್ಯತ್ಯಾಸ ಬಂದರೆ ಅಚ್ಚರಿಪಡಬೇಡಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ, ಅಥವಾ ಬಲ ಹಿಂಬದಿ ಎಡಕ್ಕಿಂತ ತಗ್ಗಿ ನಿಂತಿದ್ದರೆ, ತೊಲೆಯ ಬುಷ್ ಸವೆದಿದೆಯೇ, ಸ್ಪ್ರಿಂಗ್ ಕುಸಿದಿದೆಯೇ ಅಥವಾ ಮುರಿದಿದೆಯೇ, ಆ ಬದಿ ಹಿಂದೆ ಎಲ್ಲಾದರೂ ಗುದ್ದಿಸಿಕೊಂಡು ರಿಪೇರಿಯಾಗಿದೆಯೇ ಎಂದು ನೋಡಿಸಬೇಕು. ಹಾಗೇನಾದರೂ ಇದ್ದರೆ ಚಕ್ರ ಬದಲಿಸುವ ಮೊದಲು ಅದನ್ನು ಸರಿಪಡಿಸಿ. ಚಕ್ರ ಆರಿಸುವಾಗ ಸಂದಿ ಕಡಿಮೆಯಿರುವ ಬದಿಯ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ನಿಮಗೆ ಬಂದ ಸಲಹೆಗಳು

ಸ್ಪೇಸರ್ ಸಲಹೆ ನಿಮ್ಮ ಮಟ್ಟಿಗೆ ನೇರವಾಗಿ ತಪ್ಪು. ಸ್ಪೇಸರ್ ಎಂದರೆ ಹಬ್‌ಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ. 5 ಮಿ.ಮೀ. ಬಿಲ್ಲೆ ಇಟ್ಟರೆ ಇಟಿ 35 ಹೋಗಿ 30 ಆಗುತ್ತದೆ, ಚಕ್ರ ಇನ್ನೂ 5 ಮಿ.ಮೀ. ಹೊರಕ್ಕೆ ಬರುತ್ತದೆ. ಟೈರ್ ಒಳಗೆ ಸ್ಟ್ರಟ್ಟಿಗೆ ತಗಲುವವರಿಗೆ ಅದು ಪರಿಹಾರ, ಮಡ್‌ಗಾರ್ಡಿಗೆ ತಗಲುವವರಿಗೆ ಉರುವಲು. ಒಳಗೆ ತಗಲುವವರೂ ನೆನಪಿಡಬೇಕಾದದ್ದು, ಬಿಲ್ಲೆಯ ದಪ್ಪದಷ್ಟು ಬೋಲ್ಟಿನ ಹಿಡಿತ ಕಡಿಮೆಯಾಗುತ್ತದೆ. ಹಬ್ಬಿನ ನಡುವಿನ ಉಬ್ಬಿನ ಮೇಲೆ ಚಕ್ರ ಕೂರದೇ ಹೋಗಬಹುದು. ಬೋಲ್ಟ್ ಸಾಕಷ್ಟು ಉದ್ದವಿಲ್ಲದೆ, ಹಬ್ಬಿಗೆ ಸರಿಹೊಂದುವ ಉಬ್ಬಿಲ್ಲದೆ ಬರೀ ಚಪ್ಪಟೆ ಬಿಲ್ಲೆ ಹಾಕಿಸಬೇಡಿ.

205ರ ಟೈರ್ ಹಾಕುವ ಸಲಹೆಯಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಗೆಳೆಯರು ಅಂದುಕೊಂಡಷ್ಟಿಲ್ಲ. ಟೈರಿನ ಮೇಲೆ ಬರೆದ ಅಗಲ ನಿಗದಿತ ಅಳತೆಯ ರಿಮ್ಮಿನ ಮೇಲೆ ಕೂರಿಸಿ ಅಳೆದದ್ದು. ರಿಮ್ ಅರ್ಧ ಇಂಚು ಅಗಲವಾದರೆ ಟೈರ್ ಸುಮಾರು 5 ಮಿ.ಮೀ. ಅಗಲವಾಗುತ್ತದೆ. ಎತ್ತರ ಸರಿಹೊಂದುವ 205/50 ಆರ್17 ಟೈರನ್ನು ಅಳೆಯುವುದು 6.5 ಇಂಚಿನ ರಿಮ್ಮಿನಲ್ಲಿ. ನಿಮ್ಮ 7.5 ಇಂಚಿನ ರಿಮ್ಮಿನಲ್ಲಿ ಕೂತರೆ ಅದು ಸುಮಾರು 215 ಆಗುತ್ತದೆ. ಹೊರಪಕ್ಕೆ 77.5ರಿಂದ 72.5ಕ್ಕೆ ಬರುತ್ತದೆ, ಎಂದರೆ ಉಳಿತಾಯ 5 ಮಿ.ಮೀ. ಮಾತ್ರ. ದಾರದ ಅಳತೆಯಲ್ಲಿ ನಿಮಗೆ ಬೇಕಾದದ್ದು ಎರಡು ಮೂರು ಮಿ.ಮೀ. ಅಷ್ಟೇ ಎಂದು ಗೊತ್ತಾದರೆ, ಇರುವ ಚಕ್ರ ಬಿಡಲು ಮನಸ್ಸಿಲ್ಲದಿದ್ದರೆ, ಇದು ಒಪ್ಪಬಹುದಾದ ದಾರಿ. ಆ ಟೈರಿಗೆ 7.5 ಇಂಚು ಅನುಮತಿಯಿರುವ ಕೊನೆಯ ಅಗಲ. ಪಕ್ಕೆ ಬಿಗಿದು ನಿಲ್ಲುವುದರಿಂದ ಗುಂಡಿಯಲ್ಲಿ ರಿಮ್ಮಿನ ಅಂಚಿಗೆ ರಕ್ಷಣೆ ಕಡಿಮೆ. ಇದಕ್ಕಿಂತ ಕಿರಿದಾದ ಟೈರನ್ನು ಹಿಗ್ಗಿಸಿ ಕೂರಿಸುವ ಹುಚ್ಚಿಗೆ ಕೈಹಾಕಬೇಡಿ. ತಿರುವಿನಲ್ಲಿ ಟೈರಿನ ಅಂಚು ರಿಮ್ ಬಿಟ್ಟು ಜಾರಿದರೆ ಗಾಳಿ ಒಮ್ಮೆಗೇ ಹೋಗುತ್ತದೆ.

ಇನ್ನೊಂದು ವಿಷಯ: ಒಂದೇ ಅಳತೆ ಬರೆದಿರುವ ಎರಡು ಕಂಪನಿಗಳ ಟೈರುಗಳು ಒಂದೇ ಅಗಲ ಇರಬೇಕಾಗಿಲ್ಲ. ಒಂದರ ಭುಜ ದುಂಡಗಿದ್ದರೆ ಇನ್ನೊಂದರದು ಚೌಕ. ರಿಮ್ ಕಾಪಾಡಲು ಪಕ್ಕೆಯಲ್ಲಿ ಏಣು ಇರುವ ಟೈರ್ ಇನ್ನೂ ಸ್ವಲ್ಪ ಹೊರಕ್ಕೆ ಬರುತ್ತದೆ. ಸಂದಿ ಬಿಗಿಯಾಗಿದ್ದರೆ ದುಂಡು ಭುಜದ್ದನ್ನೇ ಆರಿಸಿ.

ಮಡ್‌ಗಾರ್ಡ್ ಅಂಚು ಮಡಚುವುದು ಕೆಲಸ ಮಾಡುತ್ತದೆ. ಒಳಮಡಿಕೆಯನ್ನು ಮೇಲಕ್ಕೆ ಒತ್ತಿದರೆ ಟೈರಿಗೆ ಆ ಮಡಿಕೆಯ ಅಗಲದಷ್ಟು ಜಾಗ ಸಿಗುತ್ತದೆ. ಮುಂದಿನ ಮಡ್‌ಗಾರ್ಡ್ ಒಂಟಿ ತಗಡು, ಬೋಲ್ಟ್ ಬಿಚ್ಚಿ ತೆಗೆಯಬಹುದಾದದ್ದು. ಹಿಂದಿನದು ಹಾಗಲ್ಲ, ಅದು ಕಾರಿನ ಮೈಯದೇ ಭಾಗ. ಹೊರತಗಡು ಮತ್ತು ಒಳತಗಡು ಆ ಅಂಚಿನಲ್ಲೇ ಬೆಸುಗೆಯಾಗಿ ಸೇರಿರುತ್ತವೆ, ನಡುವೆ ನೀರು ಹೋಗದಂತೆ ಸೀಲ್ ಹಚ್ಚಿರುತ್ತಾರೆ. ಮಡಚಿದಾಗ ಬಣ್ಣ ಬಿರಿಯುತ್ತದೆ, ಸೀಲ್ ಒಡೆಯುತ್ತದೆ. ಆ ಸಂದಿಗೆ ಟೈರ್ ಎರಚುವ ಕೆಸರು ನೀರು ಹೊಕ್ಕರೆ ತುಕ್ಕು ಒಳಗಿನಿಂದ ಬರುತ್ತದೆ, ಹೊರಗೆ ಗುಳ್ಳೆ ಎದ್ದಾಗಲೇ ಗೊತ್ತಾಗುವುದು. ಮಾಡಿಸಲೇಬೇಕೆಂದಿದ್ದರೆ ತಗಡನ್ನು ನಿಧಾನವಾಗಿ ಬಿಸಿ ಮಾಡಿ, ರೋಲರ್ ಉಪಕರಣದಿಂದ ಸ್ವಲ್ಪ ಸ್ವಲ್ಪವೇ ಒತ್ತುವವರಲ್ಲಿ ಮಾಡಿಸಿ, ಆಮೇಲೆ ಸೀಲ್ ಮತ್ತು ಬಣ್ಣ ಹೊಸದಾಗಿ ಹಚ್ಚಿಸಿ. ಸುತ್ತಿಗೆಯಿಂದ ಬಡಿಯುವವರನ್ನೂ ಕಟ್ಟರ್ ಹಿಡಿದು ಅಂಚನ್ನೇ ಕತ್ತರಿಸುವವರನ್ನೂ ಹತ್ತಿರ ಬಿಡಬೇಡಿ. ಕತ್ತರಿಸಿದರೆ ಬೆಸುಗೆಯೇ ಹೋಗುತ್ತದೆ.

ನೀವು ಕೇಳದಿದ್ದರೂ ಯಾರಾದರೂ ಹೇಳಿಯೇ ಹೇಳುವ ಮೂರು ಉಪಾಯಗಳಿವೆ. ಗಾಳಿ ಹೆಚ್ಚು ತುಂಬುವುದರಿಂದ ಟೈರ್ ಒಳಕ್ಕೆ ಹೋಗುವುದಿಲ್ಲ, ಹಿಡಿತ ಮಾತ್ರ ಕೆಡುತ್ತದೆ. ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ತುಂಡು ತುರುಕಿದರೆ ಸದ್ದು ಕಡಿಮೆಯಾಗಬಹುದು, ಆದರೆ ಭಾರವೆಲ್ಲ ಉಳಿದ ಸುರುಳಿಗಳ ಮೇಲೆ ಬೀಳುತ್ತದೆ. ದೊಡ್ಡ ಗುಂಡಿಯಲ್ಲಿ ಚಕ್ರ ಮೇಲೇರುವ ಕೊನೆಯ ಮಿತಿ ಹೇಗೂ ತಡೆ ರಬ್ಬರಿನದೇ. ಇನ್ನು ಚಕ್ರದ ಹಿಂಬದಿಯ ಮುಖವನ್ನು ಲೇತ್‌ನಲ್ಲಿ ಕೆರೆದು ಇಟಿ ಹೆಚ್ಚಿಸಿಕೊಡುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಇಡೀ ಕಾರಿನ ಭಾರ ಹೊರುವ ಜಾಗದಲ್ಲಿ ಹತ್ತು ಮಿಲಿಮೀಟರ್ ಲೋಹ ತೆಗೆದ ಚಕ್ರವನ್ನು ನಾನು ಯಾರ ಕಾರಿಗೂ ಹಾಕುವುದಿಲ್ಲ.

ಹಾಗಾದರೆ ಏನು ಕೊಳ್ಳಬೇಕು

17 ಇಂಚನ್ನೇ ಇಟ್ಟುಕೊಳ್ಳುವ ಆಸೆಯಿದ್ದರೆ 7ಜೆ, ಇಟಿ 45 ಹುಡುಕಿ, ಅದಕ್ಕೆ 205/50 ಆರ್17 ಟೈರ್ ಹಾಕಿ. 7 ಇಂಚಿನ ರಿಮ್ಮಿನಲ್ಲಿ ಈ ಟೈರ್ ಸುಮಾರು 210 ಅಗಲ ನಿಲ್ಲುತ್ತದೆ. ಒಳಕ್ಕೆ 150, ಹೊರಕ್ಕೆ 60. ಕಂಪನಿಯ ಚಕ್ರಕ್ಕೆ ಹೋಲಿಸಿದರೆ ಎರಡೂ ಕಡೆ ಏಳೂವರೆ ಮಿ.ಮೀ. ಮಾತ್ರ ಹೆಚ್ಚು. ಚಕ್ರದ ನಡು ಕಂಪನಿ ಇಟ್ಟ ಜಾಗದಲ್ಲೇ ಇರುತ್ತದೆ, ಆದ್ದರಿಂದ ಸ್ಟಿಯರಿಂಗ್ ಸ್ವಭಾವವೂ ಕೆಡುವುದಿಲ್ಲ. ಈಗಿನ ಚಕ್ರಕ್ಕಿಂತ ಹೊರಪಕ್ಕೆ ಹದಿನೇಳೂವರೆ ಮಿ.ಮೀ. ಒಳಗೆ ಬಂದಿರುತ್ತದೆ, ನೀವು ಹೇಳುವ ಬಲ ಹಿಂಬದಿಗೆ ಅದು ಧಾರಾಳ.

ಈಗಿನ 225ರ ಟೈರುಗಳು ಹೊಸದಾಗಿವೆ, ಅವನ್ನು ಬಿಡಲಾಗದು ಎಂದಾದರೆ 7ಜೆ, ಇಟಿ 45ರಲ್ಲಿ ಅವೂ ಕೂರುತ್ತವೆ. 7 ಇಂಚು ಆ ಟೈರಿಗೆ ಅನುಮತಿಯಿರುವ ಕನಿಷ್ಠ ಅಗಲ. ಆಗ ಟೈರಿನ ಅಗಲ ಸುಮಾರು 220, ಒಳಕ್ಕೆ 155, ಹೊರಕ್ಕೆ 65. ಒಳಗೆ ಹನ್ನೆರಡೂವರೆ ಮಿ.ಮೀ. ಹೆಚ್ಚಾಗುತ್ತದೆ, ಅದಕ್ಕೆ ಜಾಗವಿದೆಯೇ ಎಂದು ಅಳೆಯದೆ ಹಣ ಕೊಡಬೇಡಿ. ಭುಜಕ್ಕೆ ಗೀರು ಬಿದ್ದಿರುವ ಟೈರನ್ನಂತೂ ತೆರೆದ ಮನಸ್ಸಿನಿಂದ ನೋಡಿ. ಗೀರು ಆಳವಾಗಿದ್ದರೆ ಅದನ್ನು ಉಳಿಸಿಕೊಳ್ಳುವ ಲೆಕ್ಕವೇ ಬೇಡ.

ನೀವೇ ಆರಿಸಿ ಎಂದು ನನಗೆ ಹೇಳಿದರೆ ನಾನು 16 ಇಂಚಿಗೆ ನಿಲ್ಲುತ್ತೇನೆ. 6.5ಜೆ, ಇಟಿ 45, ಟೈರ್ 205/55 ಆರ್16. ಒಟ್ಟು ಎತ್ತರ 631.9 ಮಿ.ಮೀ., ಹಳೆಯದಕ್ಕಿಂತ ಎರಡೂವರೆ ಮಿ.ಮೀ.ಯಷ್ಟು ಕಡಿಮೆ. ಒಳಕ್ಕೂ ಹೊರಕ್ಕೂ ಐದೈದು ಮಿ.ಮೀ. ಮಾತ್ರ ಹೆಚ್ಚು. ಪಕ್ಕೆ 112.75 ಮಿ.ಮೀ. ಎತ್ತರವಿರುವುದರಿಂದ ಗುಂಡಿಯ ಪೆಟ್ಟನ್ನು ರಬ್ಬರ್ ತಿನ್ನುತ್ತದೆ, ರಿಮ್ ಅಲ್ಲ. ಹಿಂದಿನ ಸೀಟು ತುಂಬಿಸಿ ಓಡಾಡುವ ಕಾರಿಗೆ ಇದು ನೋಟಕ್ಕೂ ಚೆನ್ನ, ಬಾಳಿಕೆಗೂ ಚೆನ್ನ.

ಯಾವುದನ್ನೇ ಆರಿಸಿದರೂ ಟೈರಿನ ಭಾರದ ಅಂಕಿ ನೋಡಿ. 195/65 ಆರ್15ರಲ್ಲಿ ಸಾಮಾನ್ಯವಾಗಿ 91 ಎಂದಿರುತ್ತದೆ, ಅಂದರೆ ಒಂದು ಟೈರ್ 615 ಕಿಲೋ ಹೊರಬಲ್ಲದು. 205/50 ಆರ್17ರ ಸಾಮಾನ್ಯ ಬಗೆಯಲ್ಲಿ 89 ಎಂದರೆ 580 ಕಿಲೋ ಮಾತ್ರ. ಹೆಚ್ಚು ಭಾರದ ಬಗೆಯಾದ 93ರದ್ದು 650 ಕಿಲೋ. ನಿಮಗೆ ಬೇಕಾದದ್ದು ಎರಡನೆಯದು. ಬೋಲ್ಟ್ ರಂಧ್ರಗಳ ವೃತ್ತದ ಅಳತೆ, ಹಬ್ಬಿನ ನಡುರಂಧ್ರ, ಬೋಲ್ಟ್ ಕೂರುವ ಜಾಗ ಶಂಕುವಿನಂತೆಯೋ ಗೋಲದಂತೆಯೋ ಎಂಬುದು, ಇವೂ ಸರಿಹೊಂದಬೇಕು.

ಕೊಳ್ಳುವ ಮೊದಲು ಅಳೆಯುವ ಬಗೆ

ಇಟಿ ಅಂಕಿ ಚಕ್ರದ ಹಿಂಬದಿಯಲ್ಲಿ, ಕಡ್ಡಿಗಳ ಒಳಮೈ ಮೇಲೆ ಎರಕದಲ್ಲೇ ಇರುತ್ತದೆ. ಕಾಣದಿದ್ದರೆ ಅಥವಾ ಅನುಮಾನವಿದ್ದರೆ ಚಕ್ರವನ್ನು ಮುಖ ಕೆಳಗಾಗಿ ಮಲಗಿಸಿ, ಹಿಂಬದಿಯ ಅಂಚುಗಳ ಮೇಲೆ ನೇರವಾದ ಪಟ್ಟಿ ಇಟ್ಟು, ಪಟ್ಟಿಯಿಂದ ಹಬ್ ಕೂರುವ ಮುಖದವರೆಗಿನ ಆಳ ಅಳೆಯಿರಿ. ಅದರಿಂದ ರಿಮ್ಮಿನ ಪೂರ್ತಿ ಅಗಲದ ಅರ್ಧ ಕಳೆದರೆ ಉಳಿಯುವುದೇ ಇಟಿ. ಪೂರ್ತಿ ಅಗಲ ಎಂದರೆ ಅಂಚಿನಿಂದ ಅಂಚಿಗೆ. ಅದು ಬರೆದಿರುವ ಅಗಲಕ್ಕಿಂತ ಸುಮಾರು ಒಂದು ಇಂಚು ಹೆಚ್ಚಿರುತ್ತದೆ. ನಿಮ್ಮ 7.5ಜೆ ಚಕ್ರದಲ್ಲಿ ಅದು 215 ಮಿ.ಮೀ. ಆಸುಪಾಸು ಇರಬೇಕು, ಆಳ 142.5ರ ಹತ್ತಿರ ಬರಬೇಕು.

ಕಾರಿನಲ್ಲಿರುವ ಜಾಗ ಅಳೆಯಲು ಕಂಪನಿಯ ಚಕ್ರಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಅದನ್ನು ಹಾಕಿ. ಟೈರಿನ ಒಳಪಕ್ಕೆಗೆ ಎದುರಾಗಿ ಸ್ಟ್ರಟ್, ಸ್ಪ್ರಿಂಗ್ ತಟ್ಟೆ, ಹಿಂದಿನ ತೊಲೆಯ ತೋಳು, ಒಳಗೋಡೆ, ಇವುಗಳ ಮೇಲೆ ಮೆತ್ತನೆಯ ಜೇಡಿಮಣ್ಣಿನ ಉಂಡೆಗಳನ್ನು ಅಂಟಿಸಿ. ಬಲ ಹಿಂದಿನ ಚಕ್ರವನ್ನು ಮಾತ್ರ ಗಟ್ಟಿಯಾದ ಅಗಲ ಹಲಗೆಗಳ ಮೇಲೆ ಹತ್ತಿಸಿ, ಹಿಂದೆ ಮೂವರನ್ನು ಕೂರಿಸಿ, ಮುಂದಿನ ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ನಾಲ್ಕು ಅಡಿ ಮುಂದೆ ಹಿಂದೆ ನಿಧಾನವಾಗಿ ಚಲಿಸಿ. ಕಾರಿನ ಕೆಳಗೆ ಯಾರೂ ನುಗ್ಗಬಾರದು. ಆಮೇಲೆ ಉಂಡೆಗಳನ್ನು ಬಿಡಿಸಿ ಅತಿ ತೆಳುವಾದ ಕಡೆ ದಪ್ಪ ಅಳೆಯಿರಿ. ಅದೇ ನಿಮ್ಮ ನಿಜವಾದ ಸಂದಿ. ಆ ಅಂಕಿಯಿಂದ ಹೊಸ ಚಕ್ರ ಒಳಕ್ಕೆ ಹೋಗುವಷ್ಟನ್ನು ಕಳೆಯಿರಿ. ಚಕ್ರದ ಜೊತೆಗೇ ಚಲಿಸುವ ಭಾಗಗಳಿಗೆ 5 ಮಿ.ಮೀ. ಉಳಿಯಬೇಕು. ಕಾರಿನ ಮೈಗೆ ಸೇರಿದ, ಚಕ್ರದ ಜೊತೆ ಚಲಿಸದ ಭಾಗಗಳಿಗೆ ನಾನು ಕನಿಷ್ಠ 10 ಬಿಡುತ್ತೇನೆ. ಬ್ರೇಕ್ ಕೊಳವೆಯಾದರೆ ಇನ್ನೂ ಹೆಚ್ಚು. ಸ್ಪ್ರಿಂಗ್ ತಟ್ಟೆ ಟೈರಿನ ನೆತ್ತಿಗಿಂತ ಮೇಲಿದ್ದರೆ ಅದರ ಚಿಂತೆ ಬೇಡ, ಏಕೆಂದರೆ ನಾವು ಎತ್ತರ ಬದಲಿಸುತ್ತಿಲ್ಲ.

ಹೊಸ ಚಕ್ರ ಹಾಕಿದ ದಿನ ಕಮಾನಿನ ಒಳಮಡಿಕೆಗೂ ಪ್ಲಾಸ್ಟಿಕ್ ಹೊದಿಕೆಗೂ ಸೀಮೆಸುಣ್ಣ ಬಳಿದು, ಸೀಟುಗಳು ತುಂಬಿರುವಾಗಲೇ ಒಂದು ಸುತ್ತು ಹೋಗಿ ಬನ್ನಿ. ಎಲ್ಲಿ ಸುಣ್ಣ ಅಳಿಸಿದೆಯೋ ಅಲ್ಲಿ ಟೈರ್ ಮುಟ್ಟಿದೆ. ಬೋಲ್ಟುಗಳನ್ನು ಕಾರಿನ ಕೈಪಿಡಿಯಲ್ಲಿರುವ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಸಿ, ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ.